ವಾರಸುದಾರರನ್ನು ಕಾಯುತ್ತಿರುವ ಹಣ: ಅದನ್ನು ಹುಡುಕುವ ಮತ್ತು ಪಡೆಯುವ ಕ್ರಮ

(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಗ್ರಾಮ ಮುಖಂಡರ ಹಾಗೂ ಭೂಹಿಡುವಳಿದಾರರ ತಿಳಿವಳಿಕೆಗಾಗಿ)

ಕೃಷಿಕನ ಹಣವು ಮೂರು ದಾರಿಗಳಲ್ಲಿ ಅವನ ಕೈ ತಪ್ಪುತ್ತದೆ. ಮಳೆ, ರೋಗ, ಕೀಟಗಳಿಂದ ಬೆಳೆ ಕೆಟ್ಟು ತಪ್ಪುವುದು ಒಂದು. ಸಾಲದ ಬಡ್ಡಿಯಲ್ಲಿ ಹೋಗುವುದು ಇನ್ನೊಂದು. ತನ್ನದೇ ಹಣವು ಇಂಥ ಸ್ಥಳದಲ್ಲಿ ಇದೆಯೆಂಬುದನ್ನು ಅರಿಯದೆ ಬಿಟ್ಟುಬಿಡುವುದು ಮೂರನೆಯದು. ಮೊದಲಿನ ಎರಡಕ್ಕೆ ಪರಿಹಾರೋಪಾಯಗಳನ್ನು ಕೃಷಿಕರು ಸದಾ ವಿಚಾರಿಸುತ್ತಾರೆ. ಮೂರನೆಯದನ್ನು ವಿಚಾರಿಸುವವರು ವಿರಳ. ಆದರೆ ಈ ನಷ್ಟವೊಂದೇ ಸಂಪೂರ್ಣವಾಗಿ ಮರಳಿ ಪಡೆಯಬಹುದಾದ ನಷ್ಟವೆಂಬುದನ್ನು ವಾಚಕರು ಗಮನಿಸಬೇಕು.

ಇದು ಅಲ್ಪ ಸಂಗತಿಯಲ್ಲ. ಭಾರತೀಯ ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿಯಂತೆ, ಹತ್ತು ವರ್ಷ ಮೀರಿ ಯಾರೂ ಕೇಳದೆ ಉಳಿದ ಬ್ಯಾಂಕ್ ಠೇವಣಿಗಳ ಮೊತ್ತವು ೨೦೨೩ರ ಮಾರ್ಚ್ ಅಂತ್ಯದಲ್ಲಿ ೬೨,೨೨೫ ಕೋಟಿ ರೂಪಾಯಿಗಳಿದ್ದುದು ೨೦೨೪ರ ಮಾರ್ಚ್ ಅಂತ್ಯದಲ್ಲಿ ೭೮,೨೧೩ ಕೋಟಿ ರೂಪಾಯಿಗಳಿಗೆ ಏರಿತು. ವಿಮೆ, ಷೇರು, ಭೂಸ್ವಾಧೀನದ ಪರಿಹಾರ ಮೊದಲಾದವು ಇದರ ಹೊರಗಿನವು. ಇದರಲ್ಲಿ ಕೆಲವು ಪಾಲು ಸಾವಿರ ಎರಡು ಸಾವಿರ ರೂಪಾಯಿಗಳ ಚಿಲ್ಲರೆ ಖಾತೆಗಳದು. ಕಷ್ಟಪಟ್ಟು ಕೂಡಿಟ್ಟ ಹಿರಿಯರು ತೀರಿಹೋದರು, ಮಕ್ಕಳಿಗೆ ಸುದ್ದಿ ತಿಳಿಯಲಿಲ್ಲ, ಅಷ್ಟೆ.

೧. ಹಣವು ಏಕೆ ನಿಲ್ಲುತ್ತದೆ

ತೋಡಿನ ನೀರು ಗದ್ದೆಗೆ ಬಾರದಿದ್ದರೆ ಕೃಷಿಕನು ಮಳೆಯನ್ನು ದೂರುವುದಿಲ್ಲ. ಕಟ್ಟು ಎಲ್ಲಿದೆಯೆಂದು ತೋಡಿನುದ್ದಕ್ಕೂ ನೋಡುತ್ತ ಹೋಗುತ್ತಾನೆ. ಹಣದ ವಿಷಯದಲ್ಲಿಯೂ ಹಾಗೆಯೇ ಮಾಡತಕ್ಕದ್ದು. ಹೀಗೆ ನೋಡಿದಲ್ಲಿ ಬಹುತೇಕ ಸಂದರ್ಭಗಳಲ್ಲಿ ಕಟ್ಟು ಒಂದೇ ಸ್ಥಳದಲ್ಲಿ ಕಾಣುವುದು: ದಾಖಲೆಯಲ್ಲಿರುವ ಹೆಸರು ತೀರಿಹೋದವರದು, ಕೇಳಲು ಬರುವವರು ಬದುಕಿರುವವರು. ಈ ಎರಡು ಹೆಸರುಗಳ ನಡುವಿನ ಸಂಬಂಧವು ಕಾಗದದ ಮೇಲೆ ಇಲ್ಲದಿರುವುದೇ ಅಡ್ಡಿ. ಆದುದರಿಂದ ಈ ಲೇಖನದ ಸಾರವನ್ನು ಮೊದಲೇ ಹೇಳಿಬಿಡುವುದು ಒಳಿತು. ಹಣವನ್ನು ಕೇಳುವ ಮೊದಲು ಹೆಸರನ್ನು ಸರಿಪಡಿಸಿರಿ. ಹೆಸರು ಸರಿಯಾದರೆ ಹಣವು ಬರಲು ವಿಶೇಷ ಶ್ರಮವಿಲ್ಲ. ಹೆಸರು ಸರಿಯಾಗದೆ ಎಷ್ಟು ಕಚೇರಿಗಳಿಗೆ ಅಲೆದರೂ ಪ್ರಯೋಜನವಿಲ್ಲ.

ನಮ್ಮ ಮೂರು ತಾಲೂಕುಗಳಲ್ಲಿ ಈ ಅಡ್ಡಿಯು ಹೆಚ್ಚಾಗಿರುವುದಕ್ಕೆ ಎರಡು ಕಾರಣಗಳುಂಟು. ಇಲ್ಲಿಯ ಜನರು ಹೋಟೆಲು ಮೊದಲಾದ ಉದ್ಯೋಗಗಳಿಗಾಗಿ ಮುಂಬಯಿ, ಬೆಂಗಳೂರುಗಳಿಗೆ ಹೋಗಿ ನೆಲಸಿದುದರಿಂದ, ಹಿಡುವಳಿ ಇಲ್ಲಿ, ಹಕ್ಕುದಾರರು ಅಲ್ಲಿ ಎಂಬ ಸ್ಥಿತಿಯುಂಟಾಗಿದೆ. ಎರಡನೆಯದಾಗಿ, ಅಳಿಯಸಂತಾನ ಕಟ್ಟಿನ ಕುಟುಂಬಗಳಲ್ಲಿಯೂ ಮಕ್ಕಳ ಕಟ್ಟಿನ ಅವಿಭಕ್ತ ಕುಟುಂಬಗಳಲ್ಲಿಯೂ ಯಜಮಾನರೊಬ್ಬರ ಹೆಸರಿನಲ್ಲಿ ಪಹಣಿ ನಡೆದುಬಂದು, ಅವರು ತೀರಿದ ಬಳಿಕವೂ ಹಾಗೆಯೇ ಉಳಿದಿರುವುದು ಸಾಮಾನ್ಯ.

೨. ಬ್ಯಾಂಕುಗಳಲ್ಲಿರುವ ಠೇವಣಿ

ನಮ್ಮ ಕರಾವಳಿಯು ಬ್ಯಾಂಕುಗಳ ತವರು. ೧೯೦೬ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕೂ ಅದೇ ವರ್ಷ ಮಂಗಳೂರಿನಲ್ಲಿ ಕೆನರಾ ಬ್ಯಾಂಕೂ, ೧೯೨೪ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕೂ, ೧೯೨೫ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯೂ, ೧೯೩೧ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕೂ ಸ್ಥಾಪಿತವಾದವು. ೧೯೨೮ರಲ್ಲಿ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿನಲ್ಲಿಯೇ ಸಂಗ್ರಹಿಸುವ ಪದ್ಧತಿಯನ್ನು ತಂದಿತು. ಆ ಕಾರಣದಿಂದ ಹಳ್ಳಿಯ ಅಂಗಡಿಯವರೂ ಮೀನು ಮಾರುವವರೂ ಗೇಣಿದಾರರೂ ಖಾತೆಗಳನ್ನಿಟ್ಟರು. ಇಂದು ಹಳೆಯ ಪೆಟ್ಟಿಗೆಗಳಲ್ಲಿ ಆ ಪುಸ್ತಕಗಳು ದೊರೆಯುತ್ತವೆ. ಪುಸ್ತಕದ ಮೇಲಿನ ಬ್ಯಾಂಕಿನ ಹೆಸರು ಈಗ ಪೇಟೆಯಲ್ಲಿ ಎಲ್ಲಿಯೂ ಕಾಣದಿರುವುದರಿಂದ 'ಆ ಬ್ಯಾಂಕೇ ಮುಳುಗಿತು' ಎಂದು ತಿಳಿದು ಬಿಸಾಡುವವರೂ ಉಂಟು. ಇದು ದೊಡ್ಡ ತಪ್ಪು. ಆ ಬ್ಯಾಂಕುಗಳು ಮುಳುಗಲಿಲ್ಲ, ವಿಲೀನವಾದವು. ಯಾವುದು ಯಾವುದರಲ್ಲಿ ಸೇರಿತೆಂಬುದನ್ನು ನೆನಪಿನಲ್ಲಿಡತಕ್ಕದ್ದು:

ವಿಜಯಾ ಬ್ಯಾಂಕು: ೨೦೧೯ರ ಏಪ್ರಿಲ್ ೧ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ.
ಸಿಂಡಿಕೇಟ್ ಬ್ಯಾಂಕು: ೨೦೨೦ರ ಏಪ್ರಿಲ್ ೧ರಂದು ಕೆನರಾ ಬ್ಯಾಂಕಿನಲ್ಲಿ.
ಕಾರ್ಪೊರೇಷನ್ ಬ್ಯಾಂಕು: ೨೦೨೦ರ ಏಪ್ರಿಲ್ ೧ರಂದು ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ.
ಸ್ಟೇಟ್ ಬ್ಯಾಂಕ್ ಆಫ್ ಮೈಸೂರು: ೨೦೧೭ರ ಏಪ್ರಿಲ್ ೧ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ.

ಹಳೆಯ ಬ್ಯಾಂಕಿನ ಋಣವೆಲ್ಲವೂ ಹೊಸ ಬ್ಯಾಂಕಿನ ಋಣವೇ ಆಗಿದೆ.

ಖಾತೆಯಲ್ಲಿ ಎರಡು ವರ್ಷ ಖಾತೆದಾರನಿಂದ ಯಾವ ವ್ಯವಹಾರವೂ ನಡೆಯದಿದ್ದರೆ ಅದನ್ನು ನಿಷ್ಕ್ರಿಯ ಖಾತೆಯೆಂದು ಎಣಿಸಲಾಗುತ್ತದೆ. ಹತ್ತು ವರ್ಷ ಕಳೆದರೆ, ರಿಸರ್ವ್ ಬ್ಯಾಂಕು ೨೦೧೪ರಲ್ಲಿ ಸ್ಥಾಪಿಸಿದ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಆ ಹಣವನ್ನು ಬ್ಯಾಂಕು ಕಳುಹಿಸತಕ್ಕದ್ದು. ಇಲ್ಲಿ ಬಹು ಜನರಿಗೆ ತಪ್ಪು ಗ್ರಹಿಕೆಯಾಗುತ್ತದೆ. ನಿಧಿಗೆ ಹೋಯಿತೆಂದರೆ ಹಕ್ಕು ಹೋಯಿತೆಂದಲ್ಲ. ಠೇವಣಿದಾರನಾಗಲಿ ಅವನ ವಾರಸುದಾರನಾಗಲಿ ಎಂದಾದರೂ ಬಂದು ಕೇಳಬಹುದು. ರಿಸರ್ವ್ ಬ್ಯಾಂಕಿಗೆ ಬರೆಯುವ ಅಗತ್ಯವಿಲ್ಲ. ತನ್ನ ಬ್ಯಾಂಕಿನಲ್ಲಿಯೇ ಅರ್ಜಿ ಕೊಡಬೇಕು. ಬ್ಯಾಂಕು ಹಣವನ್ನು ಕೊಟ್ಟು, ಬಳಿಕ ನಿಧಿಯಿಂದ ತರಿಸಿಕೊಳ್ಳುತ್ತದೆ. ಬಡ್ಡಿ ಬರುವ ಖಾತೆಯಾಗಿದ್ದಲ್ಲಿ ನಿಧಿಯಲ್ಲಿದ್ದ ಕಾಲಕ್ಕೂ ಸರಳ ಬಡ್ಡಿಯುಂಟು. ೨೦೨೧ರ ಮೇ ೧೧ರಿಂದ ಅದರ ದರವು ಶೇಕಡಾ ೩. ನಿಷ್ಕ್ರಿಯ ಖಾತೆಯನ್ನು ಪುನಃ ಚಾಲ್ತಿಗೆ ತರಲು ಬ್ಯಾಂಕು ಶುಲ್ಕ ತೆಗೆದುಕೊಳ್ಳಕೂಡದು. ಕನಿಷ್ಠ ಮೊತ್ತವಿಲ್ಲವೆಂದು ದಂಡವನ್ನೂ ಹಾಕಕೂಡದು.

ಹುಡುಕುವ ಸಾಧನವಾಗಿ ರಿಸರ್ವ್ ಬ್ಯಾಂಕು ೨೦೨೩ರ ಆಗಸ್ಟ್ ೧೭ರಂದು 'ಉದ್ಗಮ್' ಎಂಬ ಜಾಲತಾಣವನ್ನು ತೆರೆಯಿತು. ೨೦೨೪ರ ಮಾರ್ಚ್ ವೇಳೆಗೆ ೩೦ ಬ್ಯಾಂಕುಗಳು ಅದರಲ್ಲಿ ಸೇರಿದ್ದು, ಕೇಳದೆ ಉಳಿದ ಠೇವಣಿಗಳ ಮೊತ್ತದಲ್ಲಿ ಸುಮಾರು ಶೇಕಡಾ ೯೦ ಅವುಗಳಲ್ಲಿಯೇ ಇತ್ತು. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಮೊಬೈಲಿನಿಂದಲೇ ನೋಡಬಹುದು. ಖಾತೆದಾರರ ಹೆಸರನ್ನೂ ಬ್ಯಾಂಕಿನ ಹೆಸರನ್ನೂ ಕೊಟ್ಟು, ಪಾನ್, ಮತದಾರರ ಚೀಟಿ, ಪಾಸ್‌ಪೋರ್ಟ್, ಚಾಲನಾ ಪರವಾನಿಗೆ, ಜನ್ಮ ದಿನಾಂಕ ಇವುಗಳಲ್ಲಿ ಒಂದನ್ನು ಕೊಡಬೇಕು. ಇವು ಯಾವುವೂ ಇಲ್ಲದಿದ್ದಲ್ಲಿ ವಿಳಾಸದಿಂದಲೂ ಹುಡುಕಬಹುದು. ಹಿಂದಿನ ಕಾಲದ ಗುಮಾಸ್ತರು ಹೆಸರನ್ನು ಇಂಗ್ಲಿಷಿನಲ್ಲಿ ತಮಗೆ ತೋಚಿದಂತೆ ಬರೆದಿರುವುದುಂಟು; ಮನೆಯ ಹೆಸರು ಕೆಲವೆಡೆ ಮುಂದೆ, ಕೆಲವೆಡೆ ಹಿಂದೆ ಬಂದಿರುತ್ತದೆ. ಆದುದರಿಂದ ಒಂದು ಸಲ ಸಿಗದಿದ್ದರೆ ಬಿಡದೆ, ಹೆಸರನ್ನು ಮೂರು ನಾಲ್ಕು ವಿಧವಾಗಿ ಬರೆದು ನೋಡತಕ್ಕದ್ದು. ವಿಲೀನವಾದ ಬ್ಯಾಂಕಿನ ಖಾತೆಯನ್ನು ಈಗಿನ ಬ್ಯಾಂಕಿನ ಹೆಸರಿನಲ್ಲಿ ಹುಡುಕಬೇಕು.

ಸಹಕಾರಿ ಬ್ಯಾಂಕುಗಳಿಗೂ ಮೇಲಿನ ನಿಧಿಯ ನಿಯಮವು ಅನ್ವಯಿಸುತ್ತದೆ. ಆದರೆ ಗ್ರಾಮದ ವ್ಯವಸಾಯ ಸೇವಾ ಸಹಕಾರಿ ಸಂಘಗಳು ಬ್ಯಾಂಕುಗಳಲ್ಲ. ಅಲ್ಲಿಯ ಠೇವಣಿ, ಪಾಲು ಹಣಗಳನ್ನು ಸಂಘದ ಕಚೇರಿಯಲ್ಲಿಯೇ ನೇರವಾಗಿ ವಿಚಾರಿಸಬೇಕು. ಉದ್ಗಮ್‌ನಲ್ಲಿ ಅವು ಕಾಣವು.

೩. ವಿಮೆ, ಅಂಚೆ ಕಚೇರಿ ಮತ್ತು ಷೇರುಗಳು

ವಿಮಾ ಕಂಪೆನಿಗಳಲ್ಲಿ ಹತ್ತು ವರ್ಷ ಮೀರಿ ಉಳಿದ ಹಣವು ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಅಂಚೆ ಕಚೇರಿಯ ಸಣ್ಣ ಉಳಿತಾಯ ಖಾತೆಗಳ ಹಣವೂ, ಖಾತೆಯು ನಿಷ್ಕ್ರಿಯವೆಂದು ಘೋಷಿತವಾಗಿ ಏಳು ವರ್ಷ ಕಳೆದರೆ, ಅದೇ ನಿಧಿಗೆ ಸೇರುತ್ತದೆ. ಇಲ್ಲಿ ಒಂದು ಭೇದವನ್ನು ತಿಳಿಯತಕ್ಕದ್ದು. ಬ್ಯಾಂಕ್ ಠೇವಣಿಗೆ ಕಾಲಮಿತಿಯಿಲ್ಲ. ಈ ನಿಧಿಗೆ ಸೇರಿದ ಹಣವನ್ನಾದರೋ ೨೫ ವರ್ಷಗಳೊಳಗೆ ಕೇಳದಿದ್ದರೆ ಅದು ಕೇಂದ್ರ ಸರಕಾರಕ್ಕೆ ಸೇರಿಹೋಗುತ್ತದೆ. ಆದುದರಿಂದ ಹಳೆಯ ವಿಮಾ ಪತ್ರಗಳನ್ನು ಮೊದಲು ನೋಡುವುದು ಲೇಸು.

ನಮ್ಮ ಭಾಗದ ಅನೇಕ ಮನೆತನಗಳು ಸ್ಥಳೀಯ ಬ್ಯಾಂಕುಗಳ ಷೇರುಗಳನ್ನು ಕೊಂಡಿದ್ದುವು. ಏಳು ವರ್ಷ ಸತತವಾಗಿ ಲಾಭಾಂಶವನ್ನು ತೆಗೆದುಕೊಳ್ಳದಿದ್ದರೆ, ೨೦೧೩ರ ಕಂಪೆನಿಗಳ ಕಾಯಿದೆಯಂತೆ ಲಾಭಾಂಶವೂ ಷೇರೂ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುತ್ತವೆ. ಇವನ್ನೂ ಮರಳಿ ಪಡೆಯಬಹುದು. ಅದಕ್ಕೆ ಆ ನಿಧಿಯ ಪ್ರಾಧಿಕಾರವು ನಿಗದಿಪಡಿಸಿದ ಐದನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿ, ಕಂಪೆನಿಯ ಮೂಲಕ ಪರಿಶೀಲನೆ ಮಾಡಿಸಬೇಕು.

೪. ಭೂಸ್ವಾಧೀನದ ಪರಿಹಾರ

ಭೂಹಿಡುವಳಿದಾರರಿಗೆ ಅತಿ ಮುಖ್ಯವಾದ ಭಾಗವಿದು. ೧೯೭೯ರಲ್ಲಿ ಅನುಮೋದನೆಯಾದ ವಾರಾಹಿ ನೀರಾವರಿ ಯೋಜನೆ, ೧೯೯೮ರ ಜನವರಿ ೨೬ರಂದು ಪೂರ್ಣವಾಗಿ ಸಂಚಾರಕ್ಕೆ ತೆರೆದ ಕೊಂಕಣ ರೈಲು, ಹಿಂದೆ ೧೭ನೆಯ ಸಂಖ್ಯೆಯದಾಗಿದ್ದು ಈಗ ೬೬ನೆಯದಾದ ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆ, ಈ ಮೂರಕ್ಕೂ ನಮ್ಮ ಭಾಗದ ಗದ್ದೆ ತೋಟಗಳು ಹೋದವು. ಭೂಮಿಯು ಹೋದ ಬಳಿಕ ಪರಿಹಾರವನ್ನು ಪಡೆದವರು ಹಲವರು. ಪಹಣಿಯಲ್ಲಿ ಏಳೆಂಟು ಹೆಸರುಗಳಿದ್ದು ಪಾಲಿನ ತಕರಾರಾದ ಕಡೆಗಳಲ್ಲಿಯೂ, ಹೆಸರಿನವರು ತೀರಿಹೋಗಿದ್ದ ಕಡೆಗಳಲ್ಲಿಯೂ ಪರಿಹಾರವು ತಡೆದು ನಿಲ್ಲುವುದುಂಟು.

೧೮೯೪ರ ಭೂಸ್ವಾಧೀನ ಕಾಯಿದೆಯ ೩೧ನೆಯ ಕಲಮಿನಂತೆ, ಹಣವನ್ನು ಪಡೆಯಲು ಒಪ್ಪದಿದ್ದಲ್ಲಿ, ಸ್ವತ್ತನ್ನು ಪರಾಧೀನ ಮಾಡಲು ಅರ್ಹರಾದವರು ಇಲ್ಲದಿದ್ದಲ್ಲಿ, ಅಥವಾ ಹಕ್ಕಿನ ಇಲ್ಲವೆ ಹಂಚಿಕೆಯ ವಿವಾದವಿದ್ದಲ್ಲಿ, ಅಧಿಕಾರಿಯು ಅದನ್ನು ನ್ಯಾಯಾಲಯದಲ್ಲಿ ಠೇವಣಿಯಿಡತಕ್ಕದ್ದಾಗಿತ್ತು. ಆ ಕಾಯಿದೆಯ ಸ್ಥಾನದಲ್ಲಿ ಬಂದ ೨೦೧೩ರ ಕಾಯಿದೆಯ ೭೭ನೆಯ ಕಲಮಿನಂತೆ ಅದನ್ನು ಭೂಸ್ವಾಧೀನ ಪ್ರಾಧಿಕಾರದಲ್ಲಿ ಇಡತಕ್ಕದ್ದು. ಹೆದ್ದಾರಿಗಾಗಿ ಪಡೆದ ಭೂಮಿಯಾದರೆ ೧೯೫೬ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯಂತೆ ಹಣವು ಸಕ್ಷಮ ಪ್ರಾಧಿಕಾರಿಯ ಬಳಿ ಇರುತ್ತದೆ. ಹಂಚಿಕೆಯ ವಿವಾದವನ್ನು ಅವರು ಸಿವಿಲ್ ನ್ಯಾಯಾಲಯಕ್ಕೆ ಒಪ್ಪಿಸುತ್ತಾರೆ. ಬಹುಕಾಲ ಯಾರೂ ಕೇಳದ ಠೇವಣಿಗಳು ಖಜಾನೆಯ ನಿಯಮದಂತೆ ಸರಕಾರದ ಲೆಕ್ಕಕ್ಕೆ ಜಮೆಯಾಗುವುದುಂಟು. ಆಗಲೂ ಹಕ್ಕನ್ನು ಸ್ಥಾಪಿಸಿದವರಿಗೆ ಮಂಜೂರಾತಿ ಪಡೆದು ಮರುಪಾವತಿ ಮಾಡುವ ಕ್ರಮವಿದೆ.

ಹೆಚ್ಚಿನ ಪರಿಹಾರವನ್ನು ಕೇಳುವುದು ಬೇರೆ, ಈಗಾಗಲೇ ನಿಗದಿಯಾದ ಹಣವನ್ನು ಪಡೆಯುವುದು ಬೇರೆ. ಮೊದಲನೆಯದಕ್ಕೆ ಕಾಯಿದೆಯಲ್ಲಿ ಕಟ್ಟುನಿಟ್ಟಾದ ಅವಧಿಯಿದೆ. ಹಳೆಯ ಪ್ರಕರಣಗಳಲ್ಲಿ ಅದು ಮುಗಿದಿರುತ್ತದೆ. ಎರಡನೆಯದು ಆ ಕಾರಣದಿಂದ ನಷ್ಟವಾಗುವುದಿಲ್ಲ. ಈ ಎರಡನ್ನು ಬೆರಸಿ 'ಕಾಲ ಮೀರಿತು' ಎಂದು ಸುಮ್ಮನಾಗಬಾರದು. ಸರ್ವೆ ನಂಬರು, ಹೋದ ವಿಸ್ತೀರ್ಣ, ಯೋಜನೆಯ ಹೆಸರು ಇಷ್ಟನ್ನು ಬರೆದು, ಐತೀರ್ಪಿನ ನಕಲನ್ನೂ ಹಣವು ಎಲ್ಲಿದೆಯೆಂಬ ಮಾಹಿತಿಯನ್ನೂ ಕೊಡುವಂತೆ ೨೦೦೫ರ ಮಾಹಿತಿ ಹಕ್ಕು ಕಾಯಿದೆಯಂತೆ ಭೂಸ್ವಾಧೀನಾಧಿಕಾರಿಯವರ ಕಚೇರಿಗೆ ಅರ್ಜಿ ಕೊಡುವುದು ಮೊದಲ ಹೆಜ್ಜೆ.

೫. ಕೃಷಿ ಸಂಬಂಧದ ಸಹಾಯಧನಗಳು

೨೦೧೯ರ ಫೆಬ್ರವರಿ ೨೪ರಂದು ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯು ವರ್ಷಕ್ಕೆ ೬,೦೦೦ ರೂಪಾಯಿಗಳನ್ನು ಮೂರು ಕಂತುಗಳಲ್ಲಿ ಕೊಡುತ್ತದೆ. ಆಧಾರ್ ಜೋಡಣೆ, ಇ-ಕೆವೈಸಿ, ಭೂದಾಖಲೆಯ ಜೋಡಣೆ ಇವುಗಳಲ್ಲಿ ಒಂದು ತಪ್ಪಿದರೂ ಕಂತು ನಿಲ್ಲುತ್ತದೆ. ಈಗಾಗಲೇ ನೋಂದಣಿಯಾದವರು ಇವನ್ನು ಸರಿಪಡಿಸಿದರೆ ನಿಂತ ಕಂತುಗಳೂ ಬರುತ್ತವೆ. ೨೦೧೯ರ ಫೆಬ್ರವರಿ ೧ರ ಬಳಿಕ ಭೂಮಿಯನ್ನು ಕೊಂಡವರಿಗೆ ಈ ಸಹಾಯವಿಲ್ಲ. ಆದರೆ ಹಿಡುವಳಿದಾರರ ಮರಣದಿಂದ ವಾರಸಾಗಿ ಪಡೆದವರಿಗೆ ಆ ನಿರ್ಬಂಧವಿಲ್ಲ. ತಂದೆಯ ಹೆಸರಿನಲ್ಲಿಯೇ ಪಹಣಿ ಉಳಿದಿದ್ದರೆ ಗದ್ದೆಯನ್ನು ಉಳುವ ಮಗನಿಗಾಗಲಿ ಮಗಳಿಗಾಗಲಿ ಇದರ ಪ್ರಯೋಜನವಿಲ್ಲ.

ಅತಿವೃಷ್ಟಿಯ ಬೆಳೆ ಪರಿಹಾರ, ಅಡಿಕೆ ಮತ್ತು ಕಾಳುಮೆಣಸುಗಳ ಹವಾಮಾನಾಧಾರಿತ ವಿಮೆ ಇವೂ ಹಾಗೆಯೇ. 'ಫ್ರೂಟ್ಸ್' ತಂತ್ರಾಂಶದಲ್ಲಿ ಕೃಷಿಕನ ಗುರುತಿನ ಸಂಖ್ಯೆಯಿದ್ದು, ಅದಕ್ಕೆ ಎಲ್ಲ ಸರ್ವೆ ನಂಬರುಗಳೂ ಸೇರಿದ್ದು, ಆಧಾರಿಗೆ ಜೋಡಣೆಯಾದ ಬ್ಯಾಂಕ್ ಖಾತೆಯು ಚಾಲ್ತಿಯಲ್ಲಿರಬೇಕು. ಬೈಲುಗದ್ದೆಯನ್ನು ಸೇರಿಸಿ ಮಜಲು, ಬೆಟ್ಟುಗದ್ದೆಗಳನ್ನು ಬಿಟ್ಟಿರುವವರು, ಬಿಟ್ಟ ಭಾಗದ ಬೆಳೆ ಹೋದಾಗ ಪರಿಹಾರ ಬರಲಿಲ್ಲವೆಂದು ಚಿಂತಿಸುವುದು ಸಹಜ. ರೈತ ಸಂಪರ್ಕ ಕೇಂದ್ರದಲ್ಲಿ ಅದನ್ನು ನೋಡಿಸಿಕೊಳ್ಳಬಹುದು.

೬. ವಾರಸುದಾರರಿಲ್ಲದ ಭೂಮಿ

ಬಾಗಿಲು ಮುಚ್ಚಿದ ಮನೆಯನ್ನೂ ಹಡಿಲು ಬಿಟ್ಟ ಗದ್ದೆಯನ್ನೂ ಕಂಡೊಡನೆ 'ಇದು ಸರಕಾರಕ್ಕೆ ಹೋಗುವ ಸ್ವತ್ತು' ಎನ್ನುವವರುಂಟು. ಹಾಗಲ್ಲ. ವಾರಸುದಾರರು ಯಾರೂ ಇಲ್ಲದೆ ಮೃತನಾದವನ ಸ್ವತ್ತು ರಾಜ್ಯಕ್ಕೆ ಸೇರುವುದೆಂದು ಸಂವಿಧಾನದ ೨೯೬ನೆಯ ಅನುಚ್ಛೇದವೂ ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯ ೨೯ನೆಯ ಕಲಮೂ ಹೇಳುತ್ತವೆ. ಆದರೆ ವಾರಸುದಾರರಿಲ್ಲವೆಂದು ಸಾಧಿಸುವ ಭಾರವು ಸರಕಾರದ ಮೇಲಿದೆ. ಹರಿದ್ವಾರದ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೭ರಲ್ಲಿ, ಜಿಲ್ಲಾಧಿಕಾರಿಯು ತಾನಾಗಿಯೇ ಹಾಗೆ ತೀರ್ಮಾನಿಸಲಾಗದೆಂದು ಸ್ಪಷ್ಟಪಡಿಸಿದೆ. ಇಂಗ್ಲೆಂಡಿನಲ್ಲಿಯೂ ವಾರಸುದಾರರಿಲ್ಲದ ಸ್ವತ್ತು ಅರಸೊತ್ತಿಗೆಗೆ ಸೇರುವ ಪದ್ಧತಿಯಿದ್ದು, ಅಲ್ಲಿ ಸರಕಾರವು ಅಂಥ ಮೃತರ ಹೆಸರುಗಳ ಪಟ್ಟಿಯನ್ನು ಪ್ರಕಟಿಸಿ ಬಂಧುಗಳನ್ನು ಕರೆಯುತ್ತದೆ.

ದೂರದಲ್ಲಿರುವ ಹಕ್ಕುದಾರರಿಗೆ ಸರಕಾರಕ್ಕಿಂತಲೂ ಹೆಚ್ಚಿನ ಭಯವು ಬೇರೆ ಕಡೆಯಿಂದ ಬರಬಹುದು. ಇತರರು ೧೨ ವರ್ಷ ಬಹಿರಂಗವಾಗಿ, ಹಕ್ಕಿಗೆ ವಿರುದ್ಧವಾಗಿ ಅನುಭವಿಸುತ್ತ ಬಂದರೆ, ೧೯೬೩ರ ಕಾಲಮಿತಿ ಕಾಯಿದೆಯಂತೆ ಸ್ವಾಧೀನವನ್ನು ಮರಳಿ ಕೇಳುವ ಹಕ್ಕಿಗೆ ಕುಂದು ಬರುತ್ತದೆ. ಆದುದರಿಂದ ಹಡಿಲು ಬಿಡುವುದಕ್ಕಿಂತ ನಂಬುಗೆಯವರಿಂದ ಬೇಸಾಯ ಮಾಡಿಸಿ, ತೀರುವೆಯನ್ನು ತಮ್ಮ ಹೆಸರಿನಲ್ಲಿಯೇ ಕಟ್ಟುತ್ತಿರುವುದು ಲೇಸು.

ಕೇಳಲಾಗದುದನ್ನೂ ತಿಳಿದಿರಬೇಕು. ಗೇಣಿಗಿದ್ದ ಭೂಮಿಗಳು ೧೯೭೪ರ ಮಾರ್ಚ್ ೧ರಂದು ಭೂಸುಧಾರಣಾ ಕಾಯಿದೆಯಂತೆ ಸರಕಾರಕ್ಕೆ ಸೇರಿ, ಬಳಿಕ ಗೇಣಿದಾರರಿಗೆ ಬಂದಿವೆ. ಅದಕ್ಕೂ ಹಿಂದಿನ ವರ್ಗದ ಪಟ್ಟೆಯೊಂದನ್ನೇ ಹಿಡಿದು ಅವನ್ನು ಕೇಳಲಾಗದು. ಕುಮ್ಕಿಯು ಸರಕಾರದ ಭೂಮಿ. ಅಲ್ಲಿ ಸೊಪ್ಪು, ಸೌದೆ, ಮೇವುಗಳ ಸವಲತ್ತು ಮಾತ್ರ ವರ್ಗದಾರರದು.

೭. ಪೌತಿ ಖಾತೆ ಮತ್ತು ವಾರಸಿನ ದಾಖಲೆಗಳು

ಮೇಲೆ ಹೇಳಿದ ಎಲ್ಲ ದಾರಿಗಳೂ ಇಲ್ಲಿ ಬಂದು ಕೂಡುತ್ತವೆ. ಕ್ರಮವು ಹೀಗಿದೆ:

(ಅ) ಮರಣ ಪತ್ರ. ಮರಣವು ನೋಂದಣಿಯಾಗಿರದೆ ಒಂದು ವರ್ಷ ಮೀರಿದ್ದರೆ, ೨೦೨೩ರಲ್ಲಿ ತಿದ್ದುಪಡಿಯಾದ ಜನನ ಮರಣ ನೋಂದಣಿ ಕಾಯಿದೆಯಂತೆ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಅಧಿಕೃತ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಪಡೆಯಬೇಕು. ಉಪವಿಭಾಗಾಧಿಕಾರಿಯವರ ಕಚೇರಿ ಕುಂದಾಪುರದಲ್ಲಿದೆ.

(ಆ) ವಂಶವೃಕ್ಷ ಮತ್ತು ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ. ಇವನ್ನು ನಾಡಕಚೇರಿಯಲ್ಲಿ ಪಡೆಯಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಎಂದೂ ಬಿಡಕೂಡದು. ೧೯೫೬ರ ಕಾಯಿದೆಯಿಂದ ಮಗಳು ತಂದೆಯ ಸ್ವಂತ ಸ್ವತ್ತಿಗೆ ವಾರಸುದಾರಳು. ೨೦೦೫ರ ತಿದ್ದುಪಡಿಯಿಂದ ಅವಿಭಕ್ತ ಸ್ವತ್ತಿನಲ್ಲಿಯೂ ಮಗನಂತೆಯೇ ಪಾಲುಗಾರಳು. ಹೆಸರನ್ನು ಬಿಟ್ಟು ಪಡೆದ ಖಾತೆಯು ಮುಂದೆ ತಕರಾರಿಗೆ ಬೀಜವಾಗುತ್ತದೆ; ತಕರಾರಾದೊಡನೆ ಹಣವು ಎಲ್ಲರಿಗೂ ನಿಲ್ಲುತ್ತದೆ.

(ಇ) ಪೌತಿ ಖಾತೆ. ೧೯೬೪ರ ಕರ್ನಾಟಕ ಭೂಕಂದಾಯ ಕಾಯಿದೆಯ ೧೨೮ನೆಯ ಕಲಮಿನಂತೆ, ವಾರಸಿನಿಂದ ಭೂಮಿಯನ್ನು ಪಡೆದವರು ಮೂರು ತಿಂಗಳೊಳಗೆ ವರದಿ ಮಾಡತಕ್ಕದ್ದು. ತಡವಾದರೂ ಅರ್ಜಿ ಕೊಡಬಹುದು. ಆಕ್ಷೇಪಣೆಗಳಿಲ್ಲದಿದ್ದರೆ ಹಕ್ಕು ಬದಲಾವಣೆಯು ದಾಖಲಾಗುತ್ತದೆ. ವಿವಾದವಾದಲ್ಲಿ ಅಧಿಕಾರಿಯು ವಿಚಾರಣೆ ನಡೆಸಿ ತೀರ್ಮಾನಿಸುತ್ತಾರೆ. ಅದರ ಮೇಲೆ ಉಪವಿಭಾಗಾಧಿಕಾರಿಯವರಿಗೆ ಮೇಲ್ಮನವಿಯುಂಟು. ಪೌತಿ ಖಾತೆ ಮಾಡಿಸಿದುದರಿಂದ ಪಾಲಾಯಿತೆಂದಾಗುವುದಿಲ್ಲ. ಎಲ್ಲ ವಾರಸುದಾರರ ಹೆಸರು ಜಂಟಿಯಾಗಿ ಬರುತ್ತದೆ, ಪಾಲನ್ನು ಬಳಿಕ ಮಾಡಿಕೊಳ್ಳಬಹುದು. 'ಪಾಲಾಗದೆ ಖಾತೆ ಬೇಡ' ಎಂಬ ಹಟವು ಅನೇಕ ಮನೆಗಳ ಹಣವನ್ನು ಕಟ್ಟಿಹಾಕಿದೆ.

(ಈ) ಉತ್ತರಾಧಿಕಾರ ಪತ್ರ. ಇದನ್ನು ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಸಿವಿಲ್ ನ್ಯಾಯಾಲಯವು ಕೊಡುತ್ತದೆ. ಎಲ್ಲ ಕಡೆಯೂ ಇದು ಬೇಕಾಗುವುದಿಲ್ಲ. ರಿಸರ್ವ್ ಬ್ಯಾಂಕು ೨೦೨೫ರ ಸೆಪ್ಟೆಂಬರ್ ೨೬ರಂದು ಹೊರಡಿಸಿದ ನಿರ್ದೇಶನದಂತೆ, ನಾಮನಿರ್ದೇಶನವಿಲ್ಲದಿದ್ದರೂ ತಕರಾರಿಲ್ಲದ ೧೫ ಲಕ್ಷ ರೂಪಾಯಿಗಳವರೆಗಿನ ಠೇವಣಿಯನ್ನು, ಸಹಕಾರಿ ಬ್ಯಾಂಕುಗಳಲ್ಲಿ ೫ ಲಕ್ಷದವರೆಗಿನದನ್ನು, ಸರಳ ಕ್ರಮದಲ್ಲಿ ಕೊಡತಕ್ಕದ್ದು. ಎಲ್ಲ ಕಾಗದಗಳು ಬಂದ ೧೫ ದಿನಗಳೊಳಗೆ ತೀರ್ಮಾನಿಸತಕ್ಕದ್ದು.

ಅಳಿಯಸಂತಾನದ ಕುಟುಂಬಗಳಿಗೆ ಒಂದು ಮಾತು. ೧೯೫೬ರ ಜೂನ್ ೧೭ರಂದು ಹಿಂದೂ ಉತ್ತರಾಧಿಕಾರ ಕಾಯಿದ��ಯು ಜಾರಿಗೆ ಬಂದ ಬಳಿಕ ತೀರಿದವರ ಸ್ವಂತ ಸ್ವತ್ತೂ ಅವಿಭಕ್ತ ಕವರಿನಲ್ಲಿದ್ದ ಅವರ ಪಾಲೂ ಆ ಕಾಯಿದೆಯಂತೆಯೇ ಇಳಿಯುತ್ತವೆ. ಅಳಿಯನೆಂಬ ಒಂದೇ ಕಾರಣದಿಂದ ಮಾವನ ಬ್ಯಾಂಕ್ ಠೇವಣಿಯು ಬರುವುದಿಲ್ಲ. ಮಾವನ ಮಕ್ಕಳು ಅದರಲ್ಲಿ ಹಕ್ಕುದಾರರು. ಕ್ರೈಸ್ತರಿಗೂ ಮುಸಲ್ಮಾನರಿಗೂ ಅವರವರ ಉತ್ತರಾಧಿಕಾರ ನಿಯಮಗಳು ಅನ್ವಯಿಸುತ್ತವೆ.

೮. ಒಂದು ಉದಾಹರಣೆ

ಬೈಂದೂರು ತಾಲೂಕಿನ ಒಂದು ಗ್ರಾಮದಲ್ಲಿ ಹಿಡುವಳಿದಾರನೊಬ್ಬನು ೨೦೦೯ರಲ್ಲಿ ತೀರಿಕೊಂಡನೆಂದು ಭಾವಿಸೋಣ. ಹೆಂಡತಿ ಮನೆಯಲ್ಲಿದ್ದಾಳೆ. ಹಿರಿಯ ಮಗನು ಮುಂಬಯಿಯಲ್ಲಿ, ಕಿರಿಯನು ಊರಿನಲ್ಲಿ ಬೇಸಾಯಗಾರ, ಮಗಳನ್ನು ಬ್ರಹ್ಮಾವರಕ್ಕೆ ಕೊಟ್ಟಿದೆ. ಪಹಣಿ ಇಂದಿಗೂ ತಂದೆಯ ಹೆಸರಿನಲ್ಲಿದೆ. ಹೆದ್ದಾರಿಗೆ ೧೨ ಸೆಂಟ್ಸ್ ಹೋಗಿ, ಮೃತನ ಹೆಸರಿಗೆ ಪರಿಹಾರ ನಿಗದಿಯಾಗಿ ನಿಂತಿದೆ. ಪೆಟ್ಟಿಗೆಯಲ್ಲಿ ವಿಜಯಾ ಬ್ಯಾಂಕಿನ ಪುಸ್ತಕವೊಂದಿದೆ. ಕಿರಿಯ ಮಗನಿಗೆ ಕಿಸಾನ್ ನಿಧಿ ಬರುತ್ತಿಲ್ಲ.

ಈ ಮನೆಯವರು ಮೂರು ಕಚೇರಿಗಳಿಗೆ ಮೂರು ದಿಕ್ಕಿನಲ್ಲಿ ಓಡಬಾರದು. ಮೊದಲು ಮರಣ ಪತ್ರವನ್ನೂ ತಾಯಿ ಮತ್ತು ಮೂವರು ಮಕ್ಕಳ ಹೆಸರುಳ್ಳ ವಂಶವೃಕ್ಷವನ್ನೂ ತರಿಸಬೇಕು. ಅದರಿಂದ ನಾಲ್ವರ ಹೆಸರಿಗೆ ಜಂಟಿ ಪೌತಿ ಖಾತೆಯಾಗುತ್ತದೆ. ಹಿರಿಯ ಮಗನೂ ಮಗಳೂ ಒಪ್ಪಿಗೆ ಪತ್ರವನ್ನು ಬರೆದುಕೊಟ್ಟರೆ, ಅದೇ ಕಾಗದಗಳೊಡನೆ ಭೂಸ್ವಾಧೀನದ ಸಕ್ಷಮ ಪ್ರಾಧಿಕಾರಿಗೆ ಹಂಚಿಕೆಯ ತಕರಾರಿಲ್ಲವೆಂದು ಅರ್ಜಿ ಕೊಡಬಹುದು. ಅವೇ ನಕಲುಗಳನ್ನು ಬ್ಯಾಂಕ್ ಆಫ್ ಬರೋಡಾ ಶಾಖೆಗೆ ಕೊಟ್ಟರೆ ಹಳೆಯ ಖಾತೆ ಇತ್ಯರ್ಥವಾಗುತ್ತದೆ. ಕಿರಿಯ ಮಗನು ತನ್ನ ಹೆಸರು ಪಹಣಿಗೆ ಬಂದೊಡನೆ ಫ್ರೂಟ್ಸ್ ಸಂಖ್ಯೆಯನ್ನು ಪಡೆದು, ಅರ್ಹನಾಗಿದ್ದರೆ ಕಿಸಾನ್ ನಿಧಿಗೆ ನೋಂದಾಯಿಸಬಹುದು. ಹಿಂದಿನ ವರ್ಷಗಳ ಕಂತುಗಳನ್ನು ಅವನು ಆಶಿಸಲಾಗದು. ತಡಮಾಡಿದ ಒಂದೊಂದು ವರ್ಷವೂ ೬,೦೦೦ ರೂಪಾಯಿಗಳ ನಷ್ಟವೇ. ಒಂದು ಕಟ್ಟು ತೆಗೆದುದರಿಂದ ಮೂರು ಗದ್ದೆಗಳಿಗೂ ನೀರು ಹರಿದಂತಾಯಿತು.

೯. ಎಚ್ಚರಿಕೆಗಳು

ಈ ಹಣವನ್ನು ತೆಗೆಸಿಕೊಡುವೆವೆಂದು ಪಾಲು ಕೇಳುವ ಮಧ್ಯಸ್ಥರು ಬರಬಹುದು. ಉದ್ಗಮ್‌ನಲ್ಲಿ ಹುಡುಕುವುದಕ್ಕೂ ಬ್ಯಾಂಕಿನಲ್ಲಿ ಅರ್ಜಿ ಕೊಡುವುದಕ್ಕೂ ಶುಲ್ಕವಿಲ್ಲ. ಮೊಬೈಲಿಗೆ ಬಂದ ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳಕೂಡದು. ಹಣ ಕೊಡಲು ಅದನ್ನು ಫೋನಿನಲ್ಲಿ ಕೇಳುವ ಬ್ಯಾಂಕಿಲ್ಲ. ಮೂಲಪತ್ರಗಳನ್ನು ಕೈಬಿಡದೆ ನಕಲುಗಳನ್ನು ಮಾತ್ರ ಕೊಟ್ಟು, ಪ್ರತಿ ಅರ್ಜಿಗೂ ಸ್ವೀಕೃತಿಯನ್ನು ಪಡೆಯತಕ್ಕದ್ದು. ಬ್ಯಾಂಕು ೩೦ ದಿನಗಳಲ್ಲಿ ದೂರಿಗೆ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ಬರೆಯಬಹುದು. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ, ಕಡಿಮೆ ವರಮಾನದವರಿಗೆ ತಾಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರ ನೆರವು ದೊರೆಯುತ್ತದೆ.

ಮುಂದೆ ಹೀಗಾಗದಿರಲು ನಾಮನಿರ್ದೇಶನ ಮಾಡಿಸಿರಬೇಕು. ೨೦೨೫ರ ನವೆಂಬರ್ ೧ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ಹೆಸರಿಸಲು ಅವಕಾಶವಿದೆ. ನಾಮನಿರ್ದೇಶಿತನು ಹಣವನ್ನು ವಾರಸುದಾರರ ಪರವಾಗಿ ಪಡೆಯುವವನೇ ಹೊರತು ಅದರ ಒಡೆಯನಲ್ಲವೆಂಬುದನ್ನೂ ಮನೆಯವರಿಗೆ ತಿಳಿಸಿಡಬೇಕು.

೧೦. ಗ್ರಾಮ ಮುಖಂಡರು ಮಾಡಬಹುದಾದುದು

ಪಟೇಲ, ಶಾನುಭೋಗರ ಹುದ್ದೆಗಳು ೧೯೬೩ರಲ್ಲಿ ರದ್ದಾದರೂ, ಯಾವ ಮನೆಯವರು ಎಲ್ಲಿಗೆ ಹೋದರು, ಯಾರ ಮಕ್ಕಳು ಯಾರು ಎಂಬುದು ಊರ ಹಿರಿಯರಿಗೆ ತಿಳಿದಷ್ಟು ಯಾವ ಕಡತಕ್ಕೂ ತಿಳಿಯದು. ಈ ತಿಳಿವಳಿಕೆಯನ್ನು ಉಪಯೋಗಕ್ಕೆ ತರಬೇಕು. ಗ್ರಾಮದಲ್ಲಿ ಮೃತರ ಹೆಸರಿನಲ್ಲಿಯೇ ಉಳಿದ ಪಹಣಿಗಳ ಪಟ್ಟಿಯನ್ನು ಗ್ರಾಮ ಆಡಳಿತಾಧಿಕಾರಿಯವರೊಡನೆ ಕೂಡಿ ಮಾಡಿರಿ. ಅದನ್ನು ಗ್ರಾಮಸಭೆಯಲ್ಲಿ ಓದಿಸಿ, ಪರ ಊರಿನಲ್ಲಿರುವವರಿಗೆ ಸುದ್ದಿ ಮುಟ್ಟಿಸಿರಿ. ಅವರು ಹಬ್ಬಕ್ಕೋ ದೈವದ ಸೇವೆಗೋ ಊರಿಗೆ ಬರುವ ದಿನಗಳೇ ರುಜು ಪಡೆಯಲು ತಕ್ಕ ಸಮಯ. ಒಂಟಿಯಾಗಿ ಉಳಿದ ವಿಧವೆಯರ ಮನೆಗಳಿಗೆ ಮೊದಲು ಹೋಗಿರಿ. ಗಂಡನ ವ್ಯವಹಾರವನ್ನು ಅರಿಯದೆ, ಕೇಳಲು ಸಂಕೋಚಪಟ್ಟು, ಹಕ್ಕಿನ ಹಣವನ್ನು ಬಿಟ್ಟು ಸಾಲ ಮಾಡುವವರು ಅವರೇ.

ಹಿಡುವಳಿದಾರರಾದರೋ ನಾಟಿ ಮುಗಿದ ಬಳಿಕ ಆಸಾಡಿಯ ಬಿಡುವಿನಲ್ಲಿ ಒಂದು ದಿನ ಮನೆಯ ಪೆಟ್ಟಿಗೆಯನ್ನು ತೆರೆದು, ಪಟ್ಟೆ, ತೀರುವೆ ರಶೀದಿ, ಬ್ಯಾಂಕ್ ಪುಸ್ತಕ, ವಿಮಾ ಪತ್ರ, ಷೇರು ಪತ್ರ, ಭೂಸ್ವಾಧೀನದ ನೋಟೀಸುಗಳನ್ನು ಬೇರೆ ಬೇರೆಯಾಗಿ ಜೋಡಿಸಿ, ಒಂದು ಹಾಳೆಯಲ್ಲಿ ಪಟ್ಟಿ ಬರೆದು, ತೇವವೂ ಗೆದ್ದಲೂ ತಾಗದಂತೆ ಇಡತಕ್ಕದ್ದು. ಆ ಪಟ್ಟಿಯು ಎಲ್ಲಿದೆಯೆಂಬುದನ್ನು ಹೆಂಡತಿಗೂ ಮಕ್ಕಳಿಗೂ ಹೇಳಿರಬೇಕು. ಬಿತ್ತನೆಯ ಬೀಜವನ್ನು ಎಲ್ಲಿ ಕಟ್ಟಿಟ್ಟಿದೆಯೆಂದು ಮನೆಯವರಿಗೆ ಹೇಳದೆ ಯಾವ ಕೃಷಿಕನೂ ಊರು ಬಿಟ್ಟು ಹೋಗುವುದಿಲ್ಲ; ಹಣದ ಕಾಗದಗಳ ವಿಷಯದಲ್ಲಿಯೂ ಅದೇ ರೂಢಿಯು ಬರಲಿ.